ರೀಬೂಟ್ ಆದ ಮೇಲೂ ಉಳಿಯುವ ಸೆಟ್ಟಿಂಗ್ ಕಲಿಸಿ

ಮಾನ್ಯ ಸಂಪಾದಕರೇ,

ಮಂಡ್ಯ ಜಿಲ್ಲೆಯ ಶಾಲೆಗಳ ಲಿನಕ್ಸ್ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ನನಗೆ ಮತ್ತೆ ಮತ್ತೆ ಕೇಳಿಬರುವ ದೂರು ಒಂದೇ: ಕರೆಂಟ್ ಹೋಗಿ ಬಂದರೆ ಲ್ಯಾಬಿನಲ್ಲಿ ಇಂಟರ್‌ನೆಟ್ ಇರುವುದಿಲ್ಲ.

ಮದ್ದೂರು ಸಮೀಪದ ಪ್ರೌಢಶಾಲೆಯೊಂದರಲ್ಲಿ ಎರಡು ನೆಟ್‌ವರ್ಕ್ ಕಾರ್ಡ್‌ಗಳಿರುವ ಒಂದು ಕಂಪ್ಯೂಟರ್ ಮೂಲಕ ಉಳಿದ ಯಂತ್ರಗಳಿಗೆ ಸಂಪರ್ಕ ಹಂಚಲಾಗಿದೆ. ಅದು ಆರಿ ಮತ್ತೆ ಚಾಲೂ ಆದಾಗ, ಕೇಬಲ್, ರೂಟರ್, ಫೈರ್‌ವಾಲ್ ನಿಯಮ ಎಲ್ಲವೂ ಸರಿಯಿದ್ದರೂ ಮಕ್ಕಳ ಯಂತ್ರಗಳಲ್ಲಿ ಒಂದು ಪುಟವೂ ತೆರೆಯುವುದಿಲ್ಲ. ತಂತ್ರಜ್ಞರು ಬಂದು, ಲಿನಕ್ಸಿನ ತಿರುಳಾದ ಕರ್ನಲ್‌ನ ಸೆಟ್ಟಿಂಗ್ ಬದಲಿಸುವ ಸಿಸ್‌ಸಿಟಿಎಲ್ ಎಂಬ ಉಪಕರಣದಿಂದ ‘ಸಿಸ್‌ಸಿಟಿಎಲ್ -ಡಬ್ಲ್ಯೂ ನೆಟ್.ಐಪಿವಿ4.ಐಪಿ_ಫಾರ್ವರ್ಡ್=1’ ಎಂಬ ಆಜ್ಞೆ ಕೊಟ್ಟು ಹೋಗುತ್ತಾರೆ; ಮುಂದಿನ ಸಲ ಕರೆಂಟ್ ಹೋಗುವವರೆಗೆ ತೊಂದರೆಯಿಲ್ಲ. ಐಪಿ_ಫಾರ್ವರ್ಡ್ ಎಂಬ ಈ ಸೆಟ್ಟಿಂಗಿನ ಬೆಲೆ ಸಾಮಾನ್ಯವಾಗಿ 0 ಇರುತ್ತದೆ, ಅಂದರೆ ಒಂದು ಕಾರ್ಡಿಗೆ ಬಂದ ಪ್ಯಾಕೆಟ್ಟನ್ನು (ದತ್ತಾಂಶದ ತುಣುಕನ್ನು) ಕರ್ನಲ್ ಇನ್ನೊಂದಕ್ಕೆ ದಾಟಿಸುವುದಿಲ್ಲ. ಆಜ್ಞೆ ಅದನ್ನು 1 ಮಾಡುತ್ತದೆ, ಆದರೆ ಓಡುತ್ತಿರುವ ಕರ್ನಲ್‌ನಲ್ಲಿ ಮಾತ್ರ. ‘/ಪ್ರೊಕ್/ಸಿಸ್’ ಅಡಿಯಲ್ಲಿ ಅದು ಕಡತದಂತೆ ಕಂಡರೂ ಡಿಸ್ಕಿನಲ್ಲಿ ಎಲ್ಲಿಯೂ ಬರೆದಿರುವುದಿಲ್ಲವಾದ್ದರಿಂದ ಯಂತ್ರ ಆರಿದೊಡನೆ ಬದಲಾವಣೆಯೂ ಅಳಿಯುತ್ತದೆ.

ಇದನ್ನು ಉಪಕರಣದ ದೋಷವೆನ್ನಲಾಗದು. ಪ್ರಯೋಗಿಸಿ ನೋಡುವವರಿಗೆ ಇದೊಂದು ಒಳ್ಳೆಯ ರಕ್ಷಣೆ, ಏಕೆಂದರೆ ತಪ್ಪು ಬೆಲೆ ಕೊಟ್ಟರೂ ರೀಬೂಟ್ ಮಾಡಿದರೆ ಹಳೆಯ ಸ್ಥಿತಿ ಮರಳುತ್ತದೆ. ಸರಿಯೆಂದು ಖಾತ್ರಿಯಾದ ಬೆಲೆಯನ್ನು ‘/ಇಟಿಸಿ/ಸಿಸ್‌ಸಿಟಿಎಲ್.ಡಿ’ ಫೋಲ್ಡರಿನಲ್ಲಿ ‘.ಕಾನ್ಫ್’ ಎಂದು ಕೊನೆಗೊಳ್ಳುವ ಕಡತದಲ್ಲಿ ಬರೆದು, ‘ಸಿಸ್‌ಸಿಟಿಎಲ್ --ಸಿಸ್ಟಮ್’ ಕೊಟ್ಟರೆ ಆ ಕ್ಷಣವೇ ಜಾರಿಗೆ ಬರುತ್ತದೆ, ಪ್ರತಿ ಬೂಟ್‌ನಲ್ಲೂ ತಾನಾಗಿ ಅನ್ವಯವಾಗುತ್ತದೆ. ಒಂದೇ ಸೆಟ್ಟಿಂಗ್ ಎರಡು ಕಡತಗಳಲ್ಲಿದ್ದರೆ ಹೆಸರಿನ ಅನುಕ್ರಮದಲ್ಲಿ ಕೊನೆಗೆ ಓದಿದ್ದೇ ನಿಲ್ಲುವುದರಿಂದ, ಹೆಸರಿನ ಮೊದಲಿಗೆ 10, 99 ಮುಂತಾದ ಅಂಕಿ ಇಡುವುದು ರೂಢಿ. ಹ್ಯಾಶ್ ಚಿಹ್ನೆಯಿಂದ ಆರಂಭವಾಗುವ ಸಾಲನ್ನು ಉಪಕರಣ ಓದದೆ ಬಿಡುತ್ತದೆ. ಆದ್ದರಿಂದ ಯಾವ ದಿನ, ಯಾವ ಕಾರಣಕ್ಕೆ ಬದಲಿಸಿದ್ದು ಎಂಬುದನ್ನು ಅಲ್ಲಿ ಕನ್ನಡದಲ್ಲಿಯೇ ಬರೆದಿಡಬಹುದು. ಲ್ಯಾಬಿನ ಶಿಕ್ಷಕರು ವರ್ಗವಾಗಿ ಹೋದ ಮೇಲೆ ಬರುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಬೇರೆ ಇಲ್ಲವೆಂದು ನನ್ನ ಅನುಭವ ಹೇಳುತ್ತದೆ.

ಮೈಸೂರು, ಮಂಡ್ಯದ ಪಾಲಿಟೆಕ್ನಿಕ್ ಮತ್ತು ಐಟಿಐಗಳಲ್ಲಿ ನೆಟ್‌ವರ್ಕ್ ಕಲಿಸುವ ಉಪನ್ಯಾಸಕರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರಾಯೋಗಿಕ ಪರೀಕ್ಷೆಯಲ್ಲಿ ವಿದ್ಯಾರ್ಥಿಯ ಕೆಲಸ ಮುಗಿದೊಡನೆ ಅಂಕ ಕೊಡದೆ, ಯಂತ್ರವನ್ನು ಒಮ್ಮೆ ರೀಬೂಟ್ ಮಾಡಿಸಿ, ಆಮೇಲೆ ಅದೇ ಸೆಟ್ಟಿಂಗನ್ನು ಓದಿ ತೋರಿಸುವಂತೆ ಕೇಳಿ, ಅದು ಉಳಿದಿದ್ದರೆ ಮಾತ್ರ ಪೂರ್ಣ ಅಂಕ ನೀಡಬೇಕು. ಶಾಲೆಗಳ ಮುಖ್ಯೋಪಾಧ್ಯಾಯರೂ ರಿಪೇರಿಯ ಬಿಲ್ಲಿಗೆ ಸಹಿ ಹಾಕುವ ಮೊದಲು ಯಂತ್ರವನ್ನು ತಮ್ಮೆದುರೇ ಆರಿಸಿ ಹಚ್ಚಿಸಿ ನೋಡಬೇಕೆಂದು ವಿನಂತಿಸುತ್ತೇನೆ.

— ಕಂಪ್ಯೂಟರ್ ತಂತ್ರಜ್ಞ, ಮಂಡ್ಯ