ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ಮಕ್ಕಳು ಏನು ಓದುತ್ತಾರೆ, ಏಕೆ ಓದುತ್ತಾರೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಡಿಸೆಂಬರ್ 20ರ ಶನಿವಾರ ಬೆಳಿಗ್ಗೆ 10 ಗಂಟೆಗೆ ಶಾಲಾ ಸಭಾಂಗಣದಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮವಿದೆ. ಈ ಸಲ ಅದು ಯೇಸು ಹುಟ್ಟಿದ ಬೇತ್ಲೆಹೇಮಿನಿಂದ ಶುರುವಾಗದೆ, ಬೈಬಲಿನ ಮೂಲಪಿತೃ ಅಬ್ರಹಾಮನಿಂದ ಶುರುವಾಗುತ್ತದೆ. ಕೂಸು, ನಕ್ಷತ್ರ, ಕುರಿಮರಿ ಇಷ್ಟನ್ನೇ ತೋರಿಸಿ ಮುಗಿಸಿದರೆ ಮಕ್ಕಳ ಕಣ್ಣಿಗೆ ಅದೊಂದು ಮುದ್ದಾದ ಹುಟ್ಟುಹಬ್ಬ. ಕ್ರೈಸ್ತರು ಈ ಜನನವನ್ನು ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಎಂದು ಏಕೆ ಕರೆಯುತ್ತಾರೆ ಎಂದು ಕೇಳಿದರೆ ಹತ್ತನೇ ತರಗತಿಯವರೂ ತಡವರಿಸುತ್ತಾರೆ. ಬಹಳ ಹಿಂದೆ ಕೊಟ್ಟ ಮಾತೊಂದನ್ನು ದೇವರು ನಡೆಸಿಕೊಟ್ಟ ಎಂಬುದೇ ಕ್ರಿಸ್‌ಮಸ್ಸಿನ ತಿರುಳು. ಆ ಮಾತು ಯಾವುದೆಂದು ಗೊತ್ತಿರದೆ ಹಬ್ಬ ಅರ್ಥವಾಗದು.

ಮೊದಲು ಒಪ್ಪಿಗೆಯ ವಿಷಯ. ನಮ್ಮದು ಕ್ರೈಸ್ತ ಆಡಳಿತದ ಶಾಲೆ; ಇಲ್ಲಿ ಎಲ್ಲ ಧರ್ಮದ ಮನೆಗಳ ಮಕ್ಕಳೂ ಕಲಿಯುತ್ತಾರೆ. ಸರ್ಕಾರದ ಮಾನ್ಯತೆ ಅಥವಾ ಅನುದಾನವಿರುವ ಶಾಲೆಯಲ್ಲಿ ಯಾವ ವಿದ್ಯಾರ್ಥಿಯನ್ನೂ ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ, ಆರಾಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿಯ 3ನೇ ಖಂಡ ಹೇಳುತ್ತದೆ. ಇದನ್ನು ನಾವು ಬರೀ ನಿಯಮವೆಂದು ಪಾಲಿಸುತ್ತಿಲ್ಲ. ಒತ್ತಾಯದಿಂದ ಹುಟ್ಟಿದ್ದು ನಂಬಿಕೆಯೇ ಆಗಲಾರದು ಎಂಬುದು ಈ ಹಬ್ಬದ ಬೋಧನೆಯೊಳಗೇ ಇದೆ. ಪತ್ರದ ಜೊತೆಗಿರುವ ಚೀಟಿಯಲ್ಲಿ ಮೂರು ಆಯ್ಕೆಗಳಿವೆ: ಓದು, ಹಾಡು, ನಾಟಕದಲ್ಲಿ ಭಾಗವಹಿಸುವುದು; ಕುಳಿತು ನೋಡುವುದು ಮಾತ್ರ; ಆ ಹೊತ್ತಿಗೆ ಗ್ರಂಥಾಲಯದಲ್ಲಿರುವುದು. ಮೂರನೆಯದನ್ನು ಆರಿಸಿದವರ ಹಾಜರಾತಿಗೂ ಅಂಕಕ್ಕೂ ಧಕ್ಕೆಯಿಲ್ಲ, ಕಾರಣವನ್ನೂ ಕೇಳುವುದಿಲ್ಲ.

ಇನ್ನು ಓದುಗಳು. ಮೊದಲನೆಯದು ಬೈಬಲಿನ ಮೊದಲ ಗ್ರಂಥವಾದ ಆದಿಕಾಂಡದ 15ನೇ ಅಧ್ಯಾಯ. ಅಬ್ರಹಾಮನಿಗೆ ಆಗಿನ್ನೂ ಅಬ್ರಾಮ ಎಂದೇ ಹೆಸರು. ವಯಸ್ಸು ಮೀರಿದೆ, ಮಕ್ಕಳಿಲ್ಲ. ದೇವರು ಅವನನ್ನು ಹೊರಗೆ ಕರೆದು, ನಕ್ಷತ್ರಗಳನ್ನು ತೋರಿಸಿ, ನಿನ್ನ ಸಂತಾನ ಹೀಗೆ ಲೆಕ್ಕವಿಲ್ಲದಷ್ಟಾಗುವುದು ಎನ್ನುತ್ತಾನೆ. ಅಬ್ರಾಮ ನಂಬುತ್ತಾನೆ, ಆ ನಂಬಿಕೆಯನ್ನೇ ದೇವರು ಅವನ ಪಾಲಿಗೆ ನೀತಿಯೆಂದು ಎಣಿಸುತ್ತಾನೆ. ಅದು 6ನೇ ವಚನ. ಮುಂದೆ ಯೇಸುವಿನ ಅಪೊಸ್ತಲನಾದ ಪೌಲ ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯ ಪೂರ್ತಿ ನಿಂತಿರುವುದು ಈ ಒಂದು ವಚನದ ಮೇಲೆ.

ನಂತರ ನಡೆಯುವುದನ್ನು ನಿಧಾನವಾಗಿ ಓದಬೇಕು. ಮೂರು ವರ್ಷದ ಕಡಸು, ಮೂರು ವರ್ಷದ ಆಡು, ಮೂರು ವರ್ಷದ ಟಗರು, ಒಂದು ಬೆಳವ, ಒಂದು ಪಾರಿವಾಳದ ಮರಿ. ಪ್ರಾಣಿಗಳನ್ನು ಎರಡೆರಡು ಹೋಳು ಮಾಡಿ ಎದುರುಬದುರಾಗಿ ಇಡುತ್ತಾನೆ, ಹಕ್ಕಿಗಳನ್ನು ಸೀಳುವುದಿಲ್ಲ. ಹದ್ದುಗಳು ಎರಗಿದರೆ ಓಡಿಸುತ್ತಾನೆ. ಒಡಂಬಡಿಕೆ, ಅಂದರೆ ಆಣೆಯಿಟ್ಟು ಕೊಡುವ ಮಾತು, ಮಾಡಿಕೊಳ್ಳುವವರು ಹೀಗೆ ಹೋಳುಗಳ ನಡುವೆ ಹಾದುಹೋಗುವ ಪದ್ಧತಿಯಿತ್ತು. ಯೆರೆಮೀಯನ ಗ್ರಂಥದ 34ನೇ ಅಧ್ಯಾಯದಲ್ಲೂ ಅದು ಬರುತ್ತದೆ. ಮಾತು ತಪ್ಪಿದರೆ ನನಗೂ ಈ ಗತಿಯಾಗಲಿ ಎಂದು ಅದರರ್ಥ. ಹೊತ್ತು ಮುಳುಗುವಾಗ ಅಬ್ರಾಮನಿಗೆ ಗಾಢ ನಿದ್ರೆ ಹತ್ತುತ್ತದೆ. ಕತ್ತಲು ಕವಿದ ಮೇಲೆ ಹೊಗೆಯಾಡುವ ಒಲೆ ಮತ್ತು ಉರಿಯುವ ಪಂಜು ಆ ಹೋಳುಗಳ ನಡುವೆ ಹಾದುಹೋಗುತ್ತವೆ. ಅಬ್ರಾಮ ಹಾದುಹೋಗುವುದಿಲ್ಲ. ಮಾತು ಮುರಿದರೆ ಬರುವ ಹೊಣೆಯನ್ನು ದೇವರು ತಾನೊಬ್ಬನೇ ಹೊತ್ತುಕೊಂಡ ಎಂದು ಕ್ರೈಸ್ತ ವ್ಯಾಖ್ಯಾನಕಾರರಲ್ಲಿ ಅನೇಕರು ಈ ದೃಶ್ಯವನ್ನು ಓದುತ್ತಾರೆ. ಯೇಸು ಹುಟ್ಟಿದ ಗೋದಲಿಯಿಂದ ಶಿಲುಬೆಯವರೆಗಿನ ದಾರಿ ಅವರಿಗೆ ಕಾಣುವುದು ಇಲ್ಲಿಂದಲೇ. ಪ್ರಾಣಿಗಳನ್ನು ಸೀಳುವ ಭಾಗ ಎಳೆಯ ಮಕ್ಕಳನ್ನು ಕಲಕಬಹುದು. ಆದ್ದರಿಂದ 1ರಿಂದ 4ನೇ ತರಗತಿಯವರಿಗೆ ನಕ್ಷತ್ರದ ಭಾಗವನ್ನಷ್ಟೇ ಹೇಳಿಕೊಡುತ್ತೇವೆ. 7ನೇ ತರಗತಿಯವರು ವೇದಿಕೆಯಲ್ಲಿ 1ರಿಂದ 12, ಬಳಿಕ 17 ಮತ್ತು 18ನೇ ವಚನಗಳನ್ನು ಓದುತ್ತಾರೆ.

ಉಳಿದವು ಚಿಕ್ಕವು. ಎರಡನೇ ಸಮುವೇಲನ 7ನೇ ಅಧ್ಯಾಯದಲ್ಲಿ ಇಸ್ರಾಯೇಲಿನ ರಾಜ ದಾವೀದನ ಸಿಂಹಾಸನದ ಬಗ್ಗೆ ವಾಗ್ದಾನವಿದೆ. ಯೆಶಾಯ 9ರಲ್ಲಿ ಕತ್ತಲಲ್ಲಿ ನಡೆದವರಿಗೆ ಬೆಳಕು. 2ರಿಂದ 7ನೇ ವಚನ. ಇಬ್ರಿಯ ಕ್ರಮವನ್ನು ಅನುಸರಿಸುವ ಅನುವಾದಗಳಲ್ಲಿ ಇದೇ ಭಾಗಕ್ಕೆ 1ರಿಂದ 6 ಎಂದಿರುತ್ತದೆ, ಮನೆಯಲ್ಲಿ ಅಭ್ಯಾಸ ಮಾಡಿಸುವಾಗ ನೋಡಿಕೊಳ್ಳಿ. ಯೆರೆಮೀಯ 31ರ 31ರಿಂದ 34ರಲ್ಲಿ ಹೊಸ ಒಡಂಬಡಿಕೆಯ ಮಾತು: ಕಟ್ಟಳೆ ಕಲ್ಲಿನ ಮೇಲಲ್ಲ, ಹೃದಯದ ಮೇಲೆ ಬರೆಯಲ್ಪಡುತ್ತದೆ. ಯೇಸು ಕೊನೆಯ ಭೋಜನದಲ್ಲಿ ಪಾತ್ರೆ ಹಿಡಿದು ಹೊಸ ಒಡಂಬಡಿಕೆ ಎಂದದ್ದು ಇದನ್ನೇ ನೆನಪಿಸುತ್ತದೆ. ಐದನೆಯದು ಲೂಕ 1ರಲ್ಲಿ ಸ್ನಾನಿಕ ಯೋಹಾನನ ತಂದೆ ಜಕರೀಯನ ಹಾಡು. ಕ್ರಿಸ್‌ಮಸ್ ಕಾರ್ಯಕ್ರಮಗಳಲ್ಲಿ ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ಅದು ನಷ್ಟ. ದೇವರು ತನ್ನ ಪರಿಶುದ್ಧ ಒಡಂಬಡಿಕೆಯನ್ನು, ಅಬ್ರಹಾಮನಿಗೆ ಮಾಡಿದ ಆಣೆಯನ್ನು ನೆನಪಿಸಿಕೊಂಡ ಎಂದು ಆ ಮುದುಕ ಬಾಯಿಬಿಟ್ಟು ಹೇಳುವುದು ಇಲ್ಲಿಯೇ, 72 ಮತ್ತು 73ನೇ ವಚನಗಳಲ್ಲಿ. ಅದೇ ಅಧ್ಯಾಯದಲ್ಲಿ ಯೇಸುವಿನ ತಾಯಿ ಮರಿಯಳ ಹಾಡೂ ಅಬ್ರಹಾಮನ ಹೆಸರಿನಲ್ಲೇ ಮುಗಿಯುತ್ತದೆ. ಕೊನೆಯದು ಲೂಕ 2ರ 1ರಿಂದ 20.

ತರಗತಿಯಲ್ಲಿ ಮಕ್ಕಳು ಎಡವುವುದು ಎರಡು ಕಡೆ. ಒಡಂಬಡಿಕೆಯನ್ನು ಕೊಡುಕೊಳ್ಳುವ ಕರಾರೆಂದು ತಿಳಿದು, ಪ್ರಾರ್ಥನೆ ಮಾಡಿದರೆ ದೇವರು ಅಂಕ ಕೊಡಲೇಬೇಕು ಎಂದುಕೊಳ್ಳುತ್ತಾರೆ. ಪರೀಕ್ಷೆ ಕೆಟ್ಟರೆ ನಂಬಿಕೆ ಸಾಲದೆ ಹೀಗಾಯಿತು ಎಂದು ಕೊರಗುತ್ತಾರೆ. ಇದು ಮಕ್ಕಳನ್ನು ಒಳಗೊಳಗೇ ತಿನ್ನುವ ತಪ್ಪು. ಮನೆಯಲ್ಲಿ ಇಂಥ ಮಾತು ಕೇಳಿಬಂದರೆ ದಯವಿಟ್ಟು ಅಲ್ಲೇ ತಿದ್ದಿ. ಅಬ್ರಹಾಮನಿಗೆ ಇಸಾಕ ಹುಟ್ಟಿದ್ದು 100ನೇ ವಯಸ್ಸಿನಲ್ಲಿ. ಊರು ಬಿಟ್ಟು ಹೊರಟದ್ದು 75ನೇ ವಯಸ್ಸಿನಲ್ಲಿ. ನಡುವಿನ 25 ವರ್ಷಗಳಲ್ಲಿ ಅವನು ಅನುಮಾನಪಟ್ಟ, ನಕ್ಕ, ಅಡ್ಡದಾರಿಯನ್ನೂ ಹಿಡಿದ. ಅವನ ನಂಬಿಕೆಯ ಅಳತೆಯ ಮೇಲೆ ವಾಗ್ದಾನ ನಿಂತಿರಲಿಲ್ಲ, ಮಾತು ಕೊಟ್ಟವನ ಮೇಲೆ ನಿಂತಿತ್ತು.

ಎರಡನೆಯ ತಪ್ಪು ಇದರ ತಿರುವು: ರಕ್ಷಣೆ ಉಚಿತವಾದರೆ ಹೇಗೆ ಬದುಕಿದರೂ ಆದೀತು ಎಂಬ ತರ್ಕ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ 8 ಮತ್ತು 9ನೇ ವಚನ ಓದಿ ನಿಲ್ಲಿಸುವುದರಿಂದ ಇದು ಹುಟ್ಟುತ್ತದೆ. ಕೃಪೆಯಿಂದ, ನಂಬಿಕೆಯ ಮೂಲಕ, ಕ್ರಿಯೆಗಳಿಂದಲ್ಲ ಎಂದು ಅಲ್ಲಿದೆ. 10ನೇ ವಚನವನ್ನೂ ಸೇರಿಸಿ ಓದಬೇಕು: ಸತ್ಕಾರ್ಯಕ್ಕಾಗಿಯೇ ನಾವು ಸೃಷ್ಟಿಯಾದವರು. ಒಳ್ಳೆಯ ಕೆಲಸ ರಕ್ಷಣೆಗೆ ತೆತ್ತ ಬೆಲೆಯಲ್ಲ, ಅದರ ಫಲ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆಂದು ಯಾಕೋಬನ ಪತ್ರವೂ ಹೇಳುತ್ತದೆ. ನಮ್ಮಲ್ಲಿ ಕಥೋಲಿಕ ಮನೆಗಳೂ ಪ್ರೊಟೆಸ್ಟಂಟ್ ಮನೆಗಳೂ ಇರುವುದರಿಂದ ಒಂದು ಮಾತು: ರಕ್ಷಣೆಯಲ್ಲಿ ನಂಬಿಕೆಯ ಪಾಲೆಷ್ಟು, ಕ್ರಿಯೆಯ ಪಾಲೆಷ್ಟು ಎಂಬ, ನಾಲ್ಕು ಶತಮಾನಕ್ಕೂ ಮಿಕ್ಕಿದ ಈ ವಿವಾದದ ಮೂಲ ಸತ್ಯಗಳಲ್ಲಿ ಒಮ್ಮತವಿದೆಯೆಂದು ಕಥೋಲಿಕ ಸಭೆ ಮತ್ತು ಪ್ರೊಟೆಸ್ಟಂಟ್ ಪಂಗಡವೊಂದರ ಲೂಥರನ್ ವಿಶ್ವ ಒಕ್ಕೂಟ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿವೆ. ತರಗತಿಯಲ್ಲಿ ಆ ಹಳೆಯ ಜಗಳಕ್ಕೆ ಜಾಗವಿಲ್ಲ.

ಸಾಂತಾಕ್ಲಾಸ್ ಬಗ್ಗೆಯೂ ಹೇಳಬೇಕು. ಒಳ್ಳೆಯ ಮಕ್ಕಳಿಗೆ ಮಾತ್ರ ಉಡುಗೊರೆ ಎಂಬ ಬೆದರಿಕೆ ಮೇಲೆ ಹೇಳಿದ್ದಕ್ಕೆಲ್ಲ ತದ್ವಿರುದ್ಧ. ಕೆಂಪು ಟೊಪ್ಪಿಗೆ ನಮ್ಮ ವಿರೋಧವಿಲ್ಲ, ಆದರೆ ಆ ಮಾತನ್ನು ಶಾಲೆಯಲ್ಲಿ ಯಾರೂ ಆಡಬಾರದೆಂದು ಶಿಕ್ಷಕರಿಗೆ ತಿಳಿಸಿದ್ದೇವೆ. ಉಡುಗೊರೆ ವಿನಿಮಯ ಚೀಟಿ ಎತ್ತಿ ನಡೆಯುತ್ತದೆ, ಬೆಲೆ 50 ರೂಪಾಯಿ ಮೀರಬಾರದು. ತರಲಾಗದ ಮಗುವಿನ ಹೆಸರೂ ಡಬ್ಬಿಯಲ್ಲಿರುತ್ತದೆ. ಅದರ ಪಾಲಿನದನ್ನು ಶಾಲೆಯೇ ಇಡುತ್ತದೆ, ಯಾರದೆಂದು ಹೊರಗೆ ಬರುವುದಿಲ್ಲ.

ನಾಟಕದಲ್ಲಿ ಕೆಲವು ಬದಲಾವಣೆಗಳಿವೆ. ಜಾಗವಿಲ್ಲವೆಂದು ಗದರಿಸುವ ಛತ್ರದ ಯಜಮಾನನ ಪಾತ್ರವನ್ನು ಕೈಬಿಟ್ಟಿದ್ದೇವೆ. ಲೂಕನ ಸುವಾರ್ತೆಯಲ್ಲಿ ಅಂಥವನೊಬ್ಬನಿಲ್ಲ. ಮೂಡಣ ದೇಶದ ಜೋಯಿಸರು ಗೋದಲಿಯ ಮುಂದೆ ಕುರುಬರ ಪಕ್ಕ ನಿಲ್ಲುವುದಿಲ್ಲ. ಅವರು ಬಂದದ್ದು ಮನೆಗೆ ಎಂದು ಮತ್ತಾಯ 2ರ 11ನೇ ವಚನದಲ್ಲಿದೆ, ಆದ್ದರಿಂದ ಅವರದು ಬೇರೆ ದೃಶ್ಯ. ಮೂವರು ಎಂಬ ಲೆಕ್ಕವೂ ಬೈಬಲಿನಲ್ಲಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂಬ ಮೂರು ಕಾಣಿಕೆಗಳಿಂದ ಅದು ಬಂತು. ಈ ಸಲ 5 ಮಕ್ಕಳು ಜೋಯಿಸರಾಗುತ್ತಾರೆ.

ಓದುವ ಮಕ್ಕಳಿಗೆ ದಿನಕ್ಕೆ ಒಮ್ಮೆ, ನಿಂತುಕೊಂಡು, ಕೋಣೆಯ ಇನ್ನೊಂದು ತುದಿಗೆ ಕೇಳುವಂತೆ ಓದಿಸಿ. ಬಾಯಿಪಾಠ ಬೇಡ. ಬಾಯಿಪಾಠ ಮಾಡಿದವರು ಮೈಕ್ ಮುಂದೆ ಓಟ ಕೀಳುತ್ತಾರೆ, ಒಂದು ಪದ ಮರೆತರೆ ಎಲ್ಲವೂ ನಿಲ್ಲುತ್ತದೆ. ಹೆಸರುಗಳಲ್ಲಿ ತೊಡಕಾದರೆ ಪೆನ್ಸಿಲಿನಿಂದ ಬಿಡಿಸಿ ಬರೆದುಕೊಡಿ.

ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳ, ದೀಪಚಕ್ರದ ಐದು ಮೇಣದಬತ್ತಿಗಳನ್ನು (ಮೂರು ನೇರಳೆ, ಒಂದು ಗುಲಾಬಿ, ನಡುವೆ ಬಿಳಿಯದು) ಶಿಕ್ಷಕರು ಮಾತ್ರ ಹಚ್ಚುತ್ತಾರೆ. ಮಕ್ಕಳ ಕೈಯಲ್ಲಿ ಬ್ಯಾಟರಿ ದೀಪಗಳಿರುತ್ತವೆ. ಕುರುಬರ ಗಡ್ಡಕ್ಕೆ ಹತ್ತಿ, ದೇವದೂತರ ರೆಕ್ಕೆಗೆ ಕ್ರೇಪ್ ಕಾಗದ ಬೇಡ. ಎರಡೂ ಕಿಡಿ ತಾಗಿದರೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತವೆ. ರೆಕ್ಕೆಗೆ ರಟ್ಟು ಸಾಕು, ಗಡ್ಡವಿಲ್ಲದ ಕುರುಬರೂ ಆಗಬಹುದು.

ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಕಳುಹಿಸುವವರು ಡಬ್ಬಿಯ ಮೇಲೆ ಮೊಟ್ಟೆ, ಗೋಡಂಬಿ, ಕಡಲೆಕಾಯಿ ಇದೆಯೇ ಇಲ್ಲವೇ ಎಂದು ಬರೆಯಿರಿ. ರಮ್ ಬೆರೆಸಿದ ಕೇಕ್ ಬೇಡ.

ಒಪ್ಪಿಗೆ ಚೀಟಿಗೆ ಸಹಿ ಮಾಡಿ ಡಿಸೆಂಬರ್ 12ರೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಚೀಟಿ ಬಾರದ ಮಗುವನ್ನು ಎರಡನೇ ಆಯ್ಕೆಗೆ ಸೇರಿಸುವುದಿಲ್ಲ, ಗ್ರಂಥಾಲಯದಲ್ಲೇ ಕೂರಿಸುತ್ತೇವೆ. ಓದುಗಳ ಪೂರ್ಣ ಪಠ್ಯವನ್ನು ಮೊದಲೇ ನೋಡಬೇಕೆನ್ನುವವರಿಗೆ ಕಚೇರಿಯಲ್ಲಿ ಪ್ರತಿ ಇದೆ. ಕೆಲಸದ ದಿನಗಳಲ್ಲಿ ಸಂಜೆ 4ರವರೆಗೆ ಬಂದು ಓದಬಹುದು, ಪ್ರಶ್ನೆಗಳಿದ್ದರೆ ನೇರವಾಗಿ ನನ್ನನ್ನೇ ಕೇಳಬಹುದು.

ಇಂತಿ ವಿಶ್ವಾಸದ,
ಮುಖ್ಯ ಶಿಕ್ಷಕಿ