ನನ್ನ ಪುಟ್ಟ ರೈಲಿಗೆ ಕೊಳೆ ಹಚ್ಚಲು ಕಲಿಸಿದವರಿಗೆ

ಹೋದ ಶನಿವಾರ, ಭಾನುವಾರ ನಮ್ಮ ಚಿಂತಾಮಣಿಯ ಒಂದು ಶಾಲೆಯ ಹಾಲ್‌ನಲ್ಲಿ ನನ್ನ ನ್ಯಾರೋ ಗೇಜ್, ಅಂದರೆ ಕಿರಿದಾದ ಹಳಿಯ, ರೈಲಿನ ಮಾದರಿಯನ್ನು ಮೊದಲ ಸಲ ಊರಿನವರ ಮುಂದೆ ಓಡಿಸಿದೆ. ಬಂದವರಿಗೆಲ್ಲ ಕೈಮುಗಿದು ಥ್ಯಾಂಕ್ಸ್. ಶಿಡ್ಲಘಟ್ಟ, ಶ್ರೀನಿವಾಸಪುರದಿಂದಲೂ ಬಸ್ ಹತ್ತಿ ಬಂದಿದ್ದೀರಿ. ಕೋಲಾರದಿಂದ ಒಂದು ಮನೆಯವರು ತಾತ, ಮಗ, ಮೊಮ್ಮಗಳು ಎಲ್ಲ ಸೇರಿ ಬಂದಿದ್ದರು. ಬಾಗಿಲು ಹಾಕುವ ಹೊತ್ತಾದರೂ ಜನ ಕದಲಲಿಲ್ಲ. ಹಾಲ್ ಕೊಟ್ಟ ಹೆಡ್‌ಮಾಸ್ಟರ್ ಬೇಸರ ಮಾಡಿಕೊಳ್ಳದೆ ಕೀಲಿ ಹಿಡಿದು ಕಾದರು. ಅವರಿಗೂ ನಮಸ್ಕಾರ.

"ಇದನ್ನೆಲ್ಲ ನೀನೊಬ್ನೇ ಮಾಡಿದ್ದಾ?" ಅಂತ ಬಹಳ ಜನ ಕೇಳಿದಿರಿ. ಎಂಜಿನ್ ಓಡಿಸುತ್ತಾ, ಮಕ್ಕಳ ಕೈ ಹಳಿಗೆ ತಾಗದಂತೆ ನೋಡಿಕೊಳ್ಳುತ್ತಾ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ತಗಡು ಕತ್ತರಿಸಿದ್ದು, ಬೆಸುಗೆ ಹಾಕಿದ್ದು, ಬಣ್ಣ ಬಳಿದದ್ದು ನಾನು. ಮೊಬೈಲ್ ರಿಪೇರಿ ಮಾಡುವ ಕೈಗೆ ಅದೇನೂ ಹೊಸದಲ್ಲ. ಆದರೆ ನೀವೆಲ್ಲ ಮೆಚ್ಚಿದ್ದು ಆ ರೈಲಿನ ಹಳತನವನ್ನು. ತುಕ್ಕು, ಧೂಳು, ಮಸಿ, ಬಿಸಿಲಿಗೆ ಮಾಸಿದ ಬಣ್ಣ. ಅದರಲ್ಲಿ ಒಂದೊಂದನ್ನೂ ಒಬ್ಬೊಬ್ಬರು ಹೇಳಿಕೊಟ್ಟಿದ್ದಾರೆ. ಅವರಲ್ಲಿ ಯಾರೂ ಜೀವನದಲ್ಲಿ ರೈಲಿನ ಮಾದರಿ ಕಟ್ಟಿದವರಲ್ಲ. ಅವರ ವಿಷಯ ಹೇಳೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಬರಲು ಆಗದೇ ಇದ್ದವರಿಗೆ ಸ್ವಲ್ಪ ಹಿನ್ನೆಲೆ. ನಮ್ಮ ಕಡೆ ಮೊದಲು ಇದ್ದದ್ದು 2 ಅಡಿ 6 ಇಂಚಿನ, ಅಂದರೆ 762 ಮಿ.ಮೀ. ಗೇಜಿನ ಹಳಿ. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ. ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ರೈಲು ಬಂತು. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ. ಆಗ ಮೈಸೂರಿನ ದಿವಾನರಾಗಿದ್ದವರು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲೇ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯ. ಮುಂದೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಮೇಲೆ ಎರಡೂ ದಾರಿ ಕೂಡಿಕೊಂಡವು. ಕೋಲಾರ ಮತ್ತು ಚಿಕ್ಕಬಳ್ಳಾಪುರದ ನಡುವೆ ಬ್ರಾಡ್ ಗೇಜ್, ಅಂದರೆ ಅಗಲ ಹಳಿಯ, ರೈಲು ಓಡಿದ್ದು 2013ರಲ್ಲಿ. ಈಗಿನ ಮಕ್ಕಳು ಆ ಪುಟ್ಟ ರೈಲನ್ನು ನೋಡಿಯೇ ಇಲ್ಲ.

ನನ್ನ ಮಾದರಿ 1:87 ಅಳತೆಯದು, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು, ಎಚ್‌ಒ ಸ್ಕೇಲ್ ಅಂತಾರಲ್ಲ, ಅದು. 762ನ್ನು 87ರಿಂದ ಭಾಗಿಸಿದರೆ 9ಕ್ಕಿಂತ ಒಂಚೂರು ಕಮ್ಮಿ ಬರುತ್ತದೆ. ಹಾಗಾಗಿ ಎನ್ ಗೇಜ್ ಅನ್ನುವ ಇನ್ನೂ ಚಿಕ್ಕ ಮಾದರಿ ರೈಲುಗಳ 9 ಮಿ.ಮೀ. ಹಳಿ ಇದಕ್ಕೆ ಸರಿಹೊಂದುತ್ತದೆ. ಎನ್ ಗೇಜ್ ಎಂಜಿನ್ನಿನ ಮೋಟಾರು, ಚಕ್ರ ಉಳಿಸಿಕೊಂಡು ಮೇಲಿನದನ್ನು ಹಿತ್ತಾಳೆ ತಗಡು, ಪ್ಲಾಸ್ಟಿಕ್ ಶೀಟಿನಲ್ಲಿ ಕಟ್ಟಿದೆ. ಇಂಥದೇ ನಂಬರಿನ ಎಂಜಿನ್ ಅಂತ ಅಲ್ಲ. ಪಕ್ಕದಲ್ಲಿ ನೀರಿನ ಟ್ಯಾಂಕ್ ಇರುವ ಆ ಕಾಲದ ಚಿಕ್ಕ ಸ್ಟೀಮ್ ಎಂಜಿನ್. ಆರಡಿ ಎತ್ತರದ ಮನುಷ್ಯ ಇಲ್ಲಿ 21 ಮಿ.ಮೀ. ಇಷ್ಟು ಚಿಕ್ಕ ಅಳತೆಯಲ್ಲೂ ಕೋಲಾರದಿಂದ ಚಿಕ್ಕಬಳ್ಳಾಪುರದವರೆಗೆ ಪೂರ್ತಿ ದಾರಿ ಮಾಡಬೇಕು ಅಂದರೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಉದ್ದ ಜಾಗ ಬೇಕು! ಅದಕ್ಕೇ ಒಂದು ಸ್ಟೇಷನ್, ಗೂಡ್ಸ್ ವ್ಯಾಗನ್ ನಿಲ್ಲಿಸುವ ಒಂದು ಪಕ್ಕದ ಹಳಿ (ಸೈಡಿಂಗ್), ಒಂದು ಕೆರೆ ಏರಿ ಇಷ್ಟಕ್ಕೇ ನಿಲ್ಲಿಸಿದ್ದೇನೆ.

ಮೊದಲ ಋಣ ಕೋಲಾರದ ಒಬ್ಬ ತಾತನದು. ಸ್ಟೀಮ್ ಎಂಜಿನ್ನಿನಲ್ಲಿ ಫೈರ್‌ಮನ್, ಅಂದರೆ ಬೆಂಕಿ ನೋಡಿಕೊಳ್ಳುವ ಕೆಲಸದಲ್ಲಿ ಇದ್ದವರು. ಎಂಜಿನ್ನಿಗೆ ಕಪ್ಪು ಬಳಿದು, ಮಸಿ ಹಚ್ಚಿ, ಅವರ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಸುತ್ತಲೂ ತಿರುಗಿಸಿ ನೋಡಿದರು. "ಎಲ್ಲಾ ಸರಿ ಕಣಪ್ಪಾ, ನೀರೆಲ್ಲಿ?" ಅಂದರು. ನನಗೆ ಅರ್ಥವಾಗಲಿಲ್ಲ. ಆಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ನಮ್ಮ ಕಡೆಯ ನೀರು ಗಡುಸು. ಬಾಯ್ಲರಿನಲ್ಲಿ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಒಳಗೇ ಉಳಿಯುತ್ತದೆ. ಸೇಫ್ಟಿ ವಾಲ್ವಿನ ಬುಡ, ಸೀಟಿಯ ಬುಡ, ಬಾಯ್ಲರ್ ತೊಳೆಯಲು ಬಿಚ್ಚುವ ಪ್ಲಗ್ಗುಗಳು, ಹೀಗೆ ಎಲ್ಲೆಲ್ಲಿ ಒಂದು ಹನಿ ಜಿನುಗುತ್ತದೋ ಅಲ್ಲೆಲ್ಲ ಬಿಸಿಗೆ ನೀರು ಒಣಗಿ ಬಿಳಿ ಗೆರೆ ಬೀಳುತ್ತದೆ. ಆ ಗೆರೆ ಯಾವಾಗಲೂ ಮೇಲೆ ದಪ್ಪ, ಕೆಳಗೆ ಬರುತ್ತಾ ಸಣ್ಣ. "ಎಂಜಿನ್ ಕರಿ ಅಂತೀರಿ ನೀವೆಲ್ಲ. ನಾವು ನೋಡಿದ್ದು ಕರಿ ಮೇಲೆ ಬಿಳಿ" ಅಂದರು.

ಅವತ್ತೇ ರಾತ್ರಿ ಕೂತು ಮಾಡಿದೆ. ಮಾಸಲು ಬಿಳಿ ಬಣ್ಣವನ್ನು ತುಂಬಾ ತೆಳ್ಳಗೆ ಮಾಡಿ, ಗುಂಡುಸೂಜಿಯ ತುದಿಯಲ್ಲಿ ಪ್ಲಗ್ಗಿನ ಮೇಲೆ ಒಂದು ಚುಕ್ಕಿ. ಒಣಗುವ ಮುಂಚೆ ಒದ್ದೆ ಬ್ರಷ್ಷಿನಿಂದ ಕೆಳಕ್ಕೆ ಒಂದೇ ಎಳೆತ. ಅಷ್ಟೇ. ಆಟದ ಸಾಮಾನಿನ ಹಾಗೆ ಇದ್ದದ್ದು ಆ ಕ್ಷಣದಲ್ಲಿ ಎಂಜಿನ್ ಆಯಿತು. ಭಾನುವಾರ ಹಾಲ್‌ಗೆ ಬಂದ ಮೂರು ತಲೆಮಾರಿನ ಕುಟುಂಬ ಅಂದೆನಲ್ಲ, ಆ ತಾತ ಇವರೇ. ಮೊಮ್ಮಗಳಿಗೆ ಬೆರಳು ಮಾಡಿ ತೋರಿಸಿದ್ದು ಆ ಬಿಳಿ ಗೆರೆಯನ್ನೇ. ಹ್ಯಾಂಡ್‌ರೈಲ್ ಮಾತ್ರ ಯಾಕೆ ಹೊಳೆಯುತ್ತೆ, ಹತ್ತುವ ಮೆಟ್ಟಿಲಿನ ಅಂಚು ಯಾಕೆ ಸವೆದಿದೆ, ಹೊಗೆಗೂಡಿನ ಮುಂಭಾಗದ ಬಣ್ಣ ಕಾವಿಗೆ ಸುಟ್ಟು ಯಾಕೆ ಬೂದಿಯಾಗಿದೆ, ಇದೆಲ್ಲವೂ ಅವರ ಪಾಠ.

ಲಾರಿಗಳಿಗೆ ಬಣ್ಣ ಹೊಡೆಯುವ ನಮ್ಮ ಭಾಯ್‌ಗೆ ಎಷ್ಟು ಹೇಳಿದರೂ ಸಾಲದು. ಅವರ ಶೆಡ್ಡಿನಲ್ಲಿ ಎಷ್ಟೋ ಸಂಜೆ ಕಳೆದಿದ್ದೇನೆ. ಬಣ್ಣ ಎಲ್ಲಿ ಬೇಕೆಂದರಲ್ಲಿ ಕಿತ್ತು ಬರಲ್ಲ ಅನ್ನೋದು ಅವರು ಹೇಳಿದ ದೊಡ್ಡ ಮಾತು. ಕೈ ಮುಟ್ಟುವ ಕಡೆ, ಕಾಲು ತಾಗುವ ಕಡೆ, ತಗಡು ಮಡಿಚಿದ ಅಂಚಿನಲ್ಲಿ, ಬೋಲ್ಟಿನ ಸುತ್ತ ಮೊದಲು ಏಳುತ್ತದೆ. ತುಕ್ಕಿನ ನೀರು ಬೋಲ್ಟಿನಿಂದ ಕೆಳಕ್ಕೆ ಇಳಿಯುತ್ತದೆ. ಮೇಲ್ಛಾವಣಿಯ ಬಣ್ಣ ಬಿಸಿಲಿಗೆ ಮೊದಲು ಮಾಸುತ್ತದೆ. ಇದನ್ನು ವ್ಯಾಗನ್ ಮೇಲೆ ತರೋದಕ್ಕೆ ಮಾದರಿ ಕಟ್ಟುವವರಲ್ಲಿ ಒಂದು ಹಳೇ ವಿದ್ಯೆ ಇದೆ. ಮೊದಲು ತುಕ್ಕಿನ ಬಣ್ಣ ಬಳಿದು ಒಣಗಿಸಬೇಕು. ಬೇಕಾದ ಜಾಗದಲ್ಲಿ ಸ್ವಲ್ಪ ನೀರು ಸವರಿ ಅಡುಗೆ ಉಪ್ಪಿನ ಹರಳು ಅಂಟಿಸಬೇಕು. ಅದರ ಮೇಲೆ ವ್ಯಾಗನ್ನಿನ ಬಣ್ಣ ಸ್ಪ್ರೇ ಮಾಡಿ, ಒಣಗಿದ ಮೇಲೆ ಉಪ್ಪನ್ನು ಉಜ್ಜಿ ತೆಗೆದರೆ ಕಿತ್ತುಹೋದ ಬಣ್ಣದ ಕೆಳಗೆ ತುಕ್ಕು ಕಾಣುತ್ತದೆ. ವಿದ್ಯೆ ನನಗೆ ಗೊತ್ತಿತ್ತು. ಉಪ್ಪು ಎಲ್ಲಿ ಇಡಬೇಕು ಅನ್ನೋದನ್ನು ಕಲಿಸಿದ್ದು ಭಾಯ್. ಗೂಡ್ಸ್ ವ್ಯಾಗನ್ನಿನ ಬಾಗಿಲಿನ ಕೆಳ ಅಂಚನ್ನು ನೋಡಿ "ಇದು ಸುಳ್ಳು ಹೇಳ್ತಾ ಇಲ್ಲ" ಅಂದರು. ಆ ಮಾತು ನನಗೆ ಪ್ರಶಸ್ತಿ ಸಿಕ್ಕಷ್ಟೇ ಖುಷಿ ಕೊಟ್ಟಿತು.

ಹಳಿಯ ಬಣ್ಣ ಕೊಟ್ಟವನು ಬ್ರಾಡ್ ಗೇಜಿನಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿರುವ ನನ್ನ ಗೆಳೆಯ. ಓಡಾಟ ಇರುವ ಹಳಿಯ ತಲೆ ಬೆಳ್ಳಗೆ ಹೊಳೆಯುತ್ತೆ, ಪಕ್ಕ ಮಾತ್ರ ಕಂದು. ಸುಮ್ನೆ ಬಿದ್ದಿರುವ ಸೈಡಿಂಗಿನಲ್ಲಿ ತಲೆಯೂ ತುಕ್ಕೇ. ಎಂಜಿನ್ ನಿಲ್ಲುವ ಕಡೆ ಜಲ್ಲಿ ಎಣ್ಣೆ, ಬೂದಿ ಬಿದ್ದು ಕಪ್ಪಾಗಿರುತ್ತೆ. ಹಳೇ ಬೋಗಿಗಳ ತಳಭಾಗಕ್ಕೆ ಯಾಕೆ ಯಾವಾಗಲೂ ಕಂದು ಪುಡಿ ಹತ್ತಿರುತ್ತೆ ಗೊತ್ತಾ? ಎರಕದ ಕಬ್ಬಿಣದ ಬ್ರೇಕ್ ಬ್ಲಾಕ್ ಚಕ್ರಕ್ಕೆ ಉಜ್ಜಿ ಉಜ್ಜಿ ಏಳುವ ಪುಡಿ ಅದು. ಅದೇ ತುಕ್ಕಾಗಿ ಅಲ್ಲೇ ಕೂರುತ್ತದೆ.

ಇನ್ನು ಮಣ್ಣು. ನಮ್ಮ ಸೀಮೆಯ ಕೆಂಪು ಧೂಳಿಗೆ ಡಬ್ಬಿಯಲ್ಲಿ ಬರುವ ಯಾವ ಬಣ್ಣವೂ ಸಾಟಿಯಾಗಲಿಲ್ಲ. ಅದಕ್ಕೆ ಹಳಿ ಪಕ್ಕದ ಹೊಲದ ಮಣ್ಣನ್ನೇ ತಂದೆ. ಬಾಣಲೆಯಲ್ಲಿ ಬೆಚ್ಚಗೆ ಹುರಿದು ಒಣಗಿಸಿ, ಕುಟ್ಟಿ ಜರಡಿ ಹಿಡಿದೆ. ಆದರೂ 1:87ಕ್ಕೆ ಆ ಪುಡಿ ಕಲ್ಲುಗುಂಡಿನಷ್ಟು ದಪ್ಪ ಕಾಣುತ್ತಿತ್ತು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುವ ನಮ್ಮ ಅತ್ತಿಗೆ ಒಂದು ತುಂಡು ದಟ್ಟ ನೇಯ್ಗೆಯ ರೇಷ್ಮೆ ಬಟ್ಟೆ ಕೊಟ್ಟರು. ಅದರಲ್ಲಿ ಸೋಸಿದ ಮೇಲೆ ಮಣ್ಣು ಬೆರಳಿಗೆ ತಾಗದಷ್ಟು ನುಣುಪಾಯಿತು. ಈ ಕೆಲಸಕ್ಕೆ ಕೈ ಹಾಕುವವರಿಗೆ ಒಂದು ಮಾತು. ಮಣ್ಣನ್ನು ಹಳಿ ಹತ್ತಿರ ಬಳಸುವ ಮುಂಚೆ ಅದರಲ್ಲಿ ಒಂದು ಮ್ಯಾಗ್ನೆಟ್ ಆಡಿಸಿ. ನಮ್ಮ ಮಣ್ಣಿನಲ್ಲಿ ಕಬ್ಬಿಣದ ಕಪ್ಪು ಕಣಗಳು ಇರುತ್ತವೆ. ಎಂಜಿನ್ನಿನ ಮೋಟಾರಿನೊಳಗೂ ಮ್ಯಾಗ್ನೆಟ್ ಇದೆ, ಆ ಕಣಗಳನ್ನು ಒಳಕ್ಕೆ ಎಳೆದುಕೊಂಡರೆ ಮೋಟಾರು ಹಾಳು. ನಾನು ಕೆಟ್ಟ ಸ್ಪೀಕರಿನಿಂದ ಬಿಚ್ಚಿದ ಮ್ಯಾಗ್ನೆಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಆಡಿಸುತ್ತೇನೆ. ಕವರ್ ಬಿಚ್ಚಿದರೆ ಕಣಗಳು ತಾವಾಗಿ ಉದುರುತ್ತವೆ.

ಈ ಪುಡಿಯನ್ನು ಮೆತ್ತನೆ ಬ್ರಷ್ಷಿನಲ್ಲಿ ಬೋಗಿಯ ಕೆಳಭಾಗಕ್ಕೆ ಹೆಚ್ಚು, ಕಿಟಕಿ ಮಟ್ಟಕ್ಕೆ ಕಮ್ಮಿ, ಹೀಗೆ ಹಚ್ಚಿ, ಮ್ಯಾಟ್ ವಾರ್ನಿಶ್ ಸ್ಪ್ರೇ ಮಾಡಿ ಕೂರಿಸಿದೆ. ವಾರ್ನಿಶ್ ಹೊಡೆದಾಗ ಪುಡಿ ಅರ್ಧ ಮಾಯವಾದ ಹಾಗೆ ಕಾಣುತ್ತದೆ, ಗಾಬರಿ ಬೇಡ. ಇನ್ನೊಂದು ಸುತ್ತು ಹಚ್ಚಿದರೆ ಆಯಿತು.

ಎಲ್ಲ ಮುಗಿಯುತ್ತಾ ಬಂದಾಗ ಒಂದು ರಾತ್ರಿ ಜೋರು ಮಳೆ ಬಂತು. ಮಾದರಿ ಇಟ್ಟಿದ್ದ ಮೇಲಿನ ಕೋಣೆಯ ಶೀಟು ಸೀಳಿ ರಾತ್ರಿಯಿಡೀ ನೀರು ಸುರಿದಿದೆ. ಬೆಳಿಗ್ಗೆ ಬಾಗಿಲು ತೆಗೆದರೆ ಕೆರೆ ಏರಿ ಕರಗಿ ಕೂತಿತ್ತು. ಮಾಮೂಲಿ ಬಿಳಿ ಅಂಟು ನೀರಿಗೆ ಮೆತ್ತಗಾಗುತ್ತದೆ, ಜಲ್ಲಿಯೆಲ್ಲ ಎದ್ದು ತೇಲುತ್ತಿತ್ತು. ಪ್ಲೈವುಡ್ ಉಬ್ಬಿ ಹಳಿ ಸೊಟ್ಟಗಾಗಿತ್ತು. ನಾನು ಕೈಚೆಲ್ಲಿ ಕೂತಿದ್ದೆ, ಸತ್ಯವಾಗಿ. ಮಾತು ಕೂಡ ಬರಲಿಲ್ಲ. ನನ್ನ ಹೆಂಡತಿ ಒಂದೂ ಮಾತಾಡದೆ ಎಂಜಿನ್, ಬೋಗಿಗಳನ್ನು ಒಂದೊಂದಾಗಿ ಹಳೇ ಟವೆಲ್ಲಿನಲ್ಲಿ ಒತ್ತಿ ಒರೆಸಿ ಅಕ್ಕಿ ಡಬ್ಬದ ಪಕ್ಕ ಸಾಲಾಗಿ ಇಟ್ಟಳು. ಪಕ್ಕದ ಮನೆ ಹುಡುಗರು ಹಲಗೆಯನ್ನು ಹೊತ್ತು ಕೆಳಗಿಳಿಸಿದರು. ಬಡಗಿ ಅಣ್ಣ ಸಂಜೆ ಹೊತ್ತಿಗೆ ಬಂದು ನೋಡಿದವರು, "ಇದನ್ನ ಬಿಡು, ಹೊಸದು ಹಾಕೋಣ" ಅಂದರು. ಮದುವೆ ಮನೆಗಳ ಮಂಚದ ಕೆಲಸ ಕೈಯಲ್ಲಿದ್ದರೂ ಮೊದಲು ನನ್ನದನ್ನು ಮಾಡಿಕೊಟ್ಟರು. ವಾಟರ್‌ಪ್ರೂಫ್ ಪ್ಲೈ, ಕೆಳಗೆ ಅಡ್ಡಪಟ್ಟಿ, ಎರಡು ಭಾಗವಾಗಿ ಬಿಚ್ಚಿ ಸಾಗಿಸುವ ಹಾಗೆ ಬೋಲ್ಟು. ಕೂಲಿ ಕೊಡಲು ಹೋದರೆ ಮರದ ದುಡ್ಡು ಮಾತ್ರ ತಗೊಂಡರು. ಅಣ್ಣಾ, ನಿಮ್ಮ ಹಲಗೆ ಇಲ್ಲದಿದ್ದರೆ ಹೋದ ವಾರದ ಪ್ರದರ್ಶನವೇ ಇರುತ್ತಿರಲಿಲ್ಲ.

ಸ್ಟೇಷನ್ನಿಗೆ ಯಲಹಂಕ–ಚಿಕ್ಕಬಳ್ಳಾಪುರ ದಾರಿಯ ನಂದಿ ಹಾಲ್ಟ್ ಸ್ಟೇಷನ್ ಮಾದರಿ. ಆ ಹಳೇ ಕಟ್ಟಡ ಇವತ್ತಿಗೂ ನಿಂತಿರುವುದು ನಮ್ಮ ಪುಣ್ಯ. ಅದನ್ನು ಕೆಡವದೆ ರಿಪೇರಿ ಮಾಡಿಸಿದ ಎಲ್ಲರಿಗೂ ನನ್ನ ಕಡೆಯಿಂದ ಒಂದು ದೊಡ್ಡ ನಮಸ್ಕಾರ. ಹಿಂದಿನ ಬಂಡೆಗಳನ್ನು ಥರ್ಮೋಕೋಲ್ ಕೆತ್ತಿ, ಬ್ಯಾಂಡೇಜ್ ಬಟ್ಟೆ, ಪ್ಲಾಸ್ಟರ್ ಮೆತ್ತಿ ಮಾಡಿದ್ದೇನೆ. ಮಳೆನೀರು ಹರಿದು ಬಂಡೆ ಮೇಲೆ ಬೀಳುವ ಕಪ್ಪು ಪಟ್ಟೆಗಳನ್ನು ಕೋಲಾರದ ಅಂತರಗಂಗೆ ಬೆಟ್ಟ ನೋಡಿ ಹಾಕಿದೆ.

ಶನಿವಾರ ಸಂಜೆ ಬಂದ ಶ್ರೀನಿವಾಸಪುರದ ಅಜ್ಜಿಯನ್ನು ಮರೆಯುವ ಹಾಗಿಲ್ಲ. ವಯಸ್ಸಿನಲ್ಲಿ ಆ ರೈಲಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಓಡಾಡಿದವರಂತೆ. ಬೋಗಿಯನ್ನು ಬಗ್ಗಿ ತುಂಬಾ ಹೊತ್ತು ನೋಡಿದರು. "ಏನಪ್ಪಾ, ನಿನ್ನ ರೈಲಲ್ಲಿ ಎಲೆ ಅಡಿಕೆ ಹಾಕೋರು ಯಾರೂ ಇಲ್ವಾ?" ಅಂದರು. ಕಿಟಕಿ ಕೆಳಗೆ ಕೈ ತೋರಿಸಿದರು. ಸರಿಯೇ ಅಲ್ವಾ! ಕಿಟಕಿಯಿಂದ ಉಗುಳಿದ ಕೆಂಪು, ರೈಲು ಓಡುವ ರಭಸಕ್ಕೆ ನೇರ ಕೆಳಗೆ ಬೀಳದೆ ಹಿಂದಕ್ಕೆ ಓರೆಯಾಗಿ ಹರಿಯುತ್ತದೆ ಅಂತ ಬೆರಳಿನಲ್ಲೇ ಗೆರೆ ಎಳೆದು ತೋರಿಸಿದರು. ರಾತ್ರಿ ಮನೆಗೆ ಹೋಗಿ ಕಂದು ಬೆರೆಸಿದ ಕೆಂಪು ಬಣ್ಣದಲ್ಲಿ ಮೂರು ಕಿಟಕಿಗಳ ಕೆಳಗೆ ಓರೆಯಾಗಿ ಎಳೆದೆ. ಎಲ್ಲ ಕಿಟಕಿಗೂ ಬೇಡ ಅನ್ನಿಸಿತು. ಭಾನುವಾರ ಅತಿ ಹೆಚ್ಚು ಜನ ನಿಂತು ನೋಡಿದ್ದು ಆ ಬೋಗಿಯ ಮುಂದೆ. ಅಜ್ಜಿ, ನೀವು ಎರಡನೇ ದಿನ ಬರಲಿಲ್ಲ. ನಿಮ್ಮ ಮೊಮ್ಮಗನ ಕೈಯಲ್ಲಿ ಫೋಟೋ ಕಳಿಸಿದ್ದೇನೆ, ಸಿಕ್ಕಿರಬೇಕು.

ಮುಂದಿನ ಕೆಲಸ ಇನ್ನಷ್ಟು ಗೂಡ್ಸ್ ವ್ಯಾಗನ್ನುಗಳದು. ನಿಮ್ಮ ಮನೆಯಲ್ಲಿ ಹಳೇ ನ್ಯಾರೋ ಗೇಜಿನ ಫೋಟೋ ಇದ್ದರೆ, ಮದುವೆ ಫೋಟೋದ ಹಿಂದೆ ಸ್ವಲ್ಪ ಕಂಡರೂ ಸಾಕು, ಅಂಗಡಿಗೆ ತನ್ನಿ. ನಿಮ್ಮ ಎದುರಿಗೇ ಸ್ಕ್ಯಾನ್ ಮಾಡಿ ಅಲ್ಲೇ ವಾಪಸ್ ಕೊಡುತ್ತೇನೆ. ರೈಲು ಈಗ ಕೆಳಗಿನ ಕೋಣೆಯಲ್ಲಿದೆ. ಭಾನುವಾರ ಮಧ್ಯಾಹ್ನದ ಮೇಲೆ ಯಾರು ಬಂದರೂ ಓಡಿಸಿ ತೋರಿಸುತ್ತೇನೆ. ಭಾಯ್ ಈ ವಾರ ಬರ್ತೀನಿ ಅಂದಿದ್ದಾರೆ. ವ್ಯಾಗನ್ ಬಾಗಿಲುಗಳಿಗೆ ಉಪ್ಪು ಎಲ್ಲೆಲ್ಲಿ ಇಡಬೇಕು ಅಂತ ಅವರು ಗುರುತು ಹಾಕಿ ಕೊಡಬೇಕು.