ಕೃಷಿ ಮೇಳಕ್ಕೆ ಹೊರಟ ಮಗಳಿಗೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಈ ಸಲ ಧಾರವಾಡದ ಕೃಷಿ ಮೇಳದಲ್ಲಿ ಕುರಿ ಮತ್ತು ಉಣ್ಣೆಯ ಪ್ರಾತ್ಯಕ್ಷಿಕೆಯನ್ನು ನೀನೇ ನಡೆಸಿಕೊಡುವೆ ಎಂದು ನಿಮ್ಮಪ್ಪ ಫೋನಿನಲ್ಲಿ ತಿಳಿಸಿದ. ನೀನು ಕಳುಹಿಸಿದ ಭಾಷಣದ ಕರಡನ್ನೂ ಓದಿದೆ. ತಪ್ಪೇನಿಲ್ಲ, ಆದರೆ ಬಹಳ ಉದ್ದವಾಯಿತು. ಮೇಳಕ್ಕೆ ಬರುವವರು ಒಂದು ಕೈಯಲ್ಲಿ ಮಗುವನ್ನೂ ಇನ್ನೊಂದು ಕೈಯಲ್ಲಿ ಬೀಜದ ಚೀಲವನ್ನೂ ಹಿಡಿದಿರುತ್ತಾರೆ. ನಿನ್ನ ಮುಂದೆ ನಿಲ್ಲುವುದು ಹೆಚ್ಚೆಂದರೆ ಐದು ನಿಮಿಷ. ಅಷ್ಟರೊಳಗೆ ಅವರ ಬೆರಳಿಗೆ ಉಣ್ಣೆ ತಾಗಬೇಕು, ಮಾತು ಆಮೇಲೆ.

ಹಿಂಜಿದ ಉಣ್ಣೆಯ ಚಿಕ್ಕ ಎಳೆಯೊಂದನ್ನು ಕೈಗಿಟ್ಟು ಎಳೆಯಲು ಹೇಳು. ಅದು ಸದ್ದಿಲ್ಲದೆ ಎರಡಾಗುತ್ತದೆ. ಅಷ್ಟೇ ಉಣ್ಣೆಯನ್ನು ತೊಡೆಯ ಮೇಲೆ ಹೊಸೆಸಿ ಮತ್ತೆ ಎಳೆಯಲು ಹೇಳು. ಈ ಸಲ ಅದು ಬೆರಳನ್ನು ಕೊಯ್ಯುವಷ್ಟು ಬಿಗಿಯಾಗುತ್ತದೆಯೇ ಹೊರತು ಬಿಟ್ಟುಕೊಡುವುದಿಲ್ಲ. ಆಗ ಅವರೇ ಏಕೆಂದು ಕೇಳುತ್ತಾರೆ. ಉಣ್ಣೆಯ ಕೂದಲಿನ ಮೈಮೇಲೆ ಮೀನಿನ ಮೈಯಂತೆ ಕಣ್ಣಿಗೆ ಕಾಣದ ಹುರುಪೆಗಳಿವೆ, ಹುರಿ ಬಿದ್ದೊಡನೆ ಅವು ಒಂದನ್ನೊಂದು ಕಚ್ಚಿಕೊಳ್ಳುತ್ತವೆ ಎಂದು ಆಗ ಹೇಳಿದರೆ ಆ ಮಾತು ನಿಲ್ಲುತ್ತದೆ. ರಾಟೆ, ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗ, ಮಗ್ಗದ ಉದ್ದೆಳೆಗಳಿಗೆ ಹಚ್ಚುವ ಹುಣಸೆಬೀಜದ ಗಂಜಿ ಇವೆಲ್ಲ ಅದರ ನಂತರದ ಸಂಗತಿಗಳು.

‘ಇದು ಚುಚ್ಚುತ್ತದಲ್ಲ?’ ಎಂದು ಹತ್ತರಲ್ಲಿ ಎಂಟು ಜನ ಕೇಳುತ್ತಾರೆ. ಹೌದು, ಚುಚ್ಚುತ್ತದೆ ಎಂದೇ ಒಪ್ಪಿಕೋ. ನವಿರು ಉಣ್ಣೆಗೆ ಹೆಸರಾದ ಮೆರಿನೊ ಕುರಿಯ ಕೂದಲು ಸುಮಾರು 20 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪ. ನಮ್ಮ ದಖ್ಖನಿ ಕುರಿಯದು ಅದರ ಎರಡು ಪಟ್ಟಿಗೂ ಹೆಚ್ಚು. ಮೈಗೆ ತಾಗಿಸಿ ಉಡುವ ಬಟ್ಟೆಗೆ ಅದು ಒಗ್ಗದು, ಆದರೆ ಮುಳ್ಳುಕಂಟಿಯ ನಡುವೆ ಹೆಗಲ ಮೇಲಿದ್ದು, ರಾತ್ರಿ ಬರಿನೆಲದ ಮೇಲೆ ಹಾಸಿಗೆಯಾಗುವ ಕಂಬಳಿಗೆ ಆ ದಪ್ಪವೇ ಬೇಕು.

ಉತ್ಪ್ರೇಕ್ಷೆಯ ವಿಷಯದಲ್ಲಿ ನನ್ನದೇ ಕಥೆ ಕೇಳು. ಒಮ್ಮೆ ಜಾತ್ರೆಯೊಂದರಲ್ಲಿ ‘ಕಂಬಳಿಯಿಂದ ಒಂದು ಹನಿಯೂ ಇಳಿಯುವುದಿಲ್ಲ’ ಎಂದು ಜಂಬ ಕೊಚ್ಚಿ, ಮುಂದಿದ್ದ ಹಿರಿಯರೊಬ್ಬರಿಗೆ ಕಂಬಳಿಯನ್ನು ಮಡಿಸಿ ತಲೆಯಿಂದ ಬೆನ್ನಿನವರೆಗೆ ಕೊಪ್ಪೆ ಹಾಕಿಸಿ ಮೇಲಿಂದ ಚೊಂಬು ನೀರು ಸುರಿದೆ. ನೀರು ಮಣಿಮಣಿಯಾಗಿ ನಿಂತಿತು, ಜನ ಚಪ್ಪಾಳೆ ತಟ್ಟಿದರು. ಆ ಹುಮ್ಮಸ್ಸಿನಲ್ಲಿ ಇನ್ನೆರಡು ಚೊಂಬು ಸುರಿದಾಗ ನೀರು ನೇರವಾಗಿ ಅವರ ಬೆನ್ನಿಗೆ ಇಳಿಯಿತು. ಅವರು ಒಳ್ಳೆಯವರು, ನಕ್ಕರು. ನನಗೆ ಮಾತ್ರ ಮುಖವೆತ್ತಲಾಗಲಿಲ್ಲ. ಉಣ್ಣೆಯ ಜಿಡ್ಡು ಜಿಟಿಜಿಟಿ ಮಳೆಯನ್ನು ಜಾರಿಸುತ್ತದೆ, ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸದೆ ಮೈಯನ್ನು ಬೆಚ್ಚಗಿಡುತ್ತದೆ, ಜಡಿಮಳೆಗೆ ನೆನೆದು ಭಾರವಾಗುತ್ತದೆ. ಇಷ್ಟು ಹೇಳಿದರೂ ಕಂಬಳಿಯ ಮರ್ಯಾದೆಗೆ ಕುಂದಿಲ್ಲ.

ಉಣ್ಣೆಗಾಗಿ ಕುರಿ ಸಾಯುತ್ತದೆಯೇ ಎಂದು ಮಕ್ಕಳು ಖಂಡಿತ ಕೇಳುತ್ತಾರೆ, ಏಕೆಂದರೆ ರೇಷ್ಮೆಗೂಡನ್ನು ಹುಳುವಿನ ಸಮೇತ ಬೇಯಿಸುವುದನ್ನು ನಮ್ಮ ನಾಡಿನ ಮಕ್ಕಳು ಬಲ್ಲರು. ಉಣ್ಣೆ ಕತ್ತರಿಸುವುದು ಕ್ಷೌರವಿದ್ದಂತೆ, ಮತ್ತೆ ಬೆಳೆಯುತ್ತದೆ ಎಂದು ಹೇಳು. ಆದರೆ ಅಲ್ಲಿಗೇ ನಿಲ್ಲಿಸಿ ಕುರಿಗಾರನ ಬದುಕು ಉಣ್ಣೆಯಿಂದಲೇ ನಡೆಯುತ್ತದೆ ಎಂಬ ಭ್ರಮೆ ಹುಟ್ಟಿಸಬೇಡ. ವರ್ಷಕ್ಕೆ ಎರಡು ಸಲ ಕತ್ತರಿಸಿದರೂ ಒಂದು ದಖ್ಖನಿ ಕುರಿಯಿಂದ ಒಂದು ಕಿಲೋ ಉಣ್ಣೆ ಸಿಗುವುದಿಲ್ಲ. ಮರಿಗಳ ಮಾರಾಟ ಮತ್ತು ಹೊಲದಲ್ಲಿ ಗೊಬ್ಬರಕ್ಕಾಗಿ ಮಂದೆ ನಿಲ್ಲಿಸಿ ಪಡೆಯುವ ಕಾಳು ಅಥವಾ ಹಣವೇ ಆಧಾರ. ಉಣ್ಣೆಯ ಬೆಲೆ ಕುಸಿದದ್ದರಿಂದ ಎಷ್ಟೋ ಹಟ್ಟಿಗಳಲ್ಲಿ ನಮ್ಮ ಕರಿ ದಖ್ಖನಿ ಕುರಿಯ ಜಾಗಕ್ಕೆ ಉಣ್ಣೆಯಿಲ್ಲದ ಮಾಂಸದ ತಳಿಗಳು ಬಂದಿವೆ ಎಂಬುದನ್ನೂ ಮುಚ್ಚಿಡಬೇಡ. ಪಶ್ಮೀನಾ ಎಂದರೇನೆಂದು ಕೇಳಿದರೆ, ಅದು ಲಡಾಖಿನ ಮೇಕೆಯ ಒಳಗೂದಲು, ಅದನ್ನು ಬಾಚಿ ತೆಗೆಯುತ್ತಾರೆ ಎಂದರೆ ಸಾಕು.

ಅಸಲಿ ಉಣ್ಣೆಯನ್ನು ಗುರುತಿಸುವ ಬಗೆ ತೋರಿಸುವುದಾದರೆ ಉಣ್ಣೆಯದೊಂದು, ಅಕ್ರಿಲಿಕ್ಕಿನದೊಂದು ಎಳೆಯನ್ನು ಚಿಮಟದಲ್ಲಿ ಹಿಡಿದು ಸುಡು. ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ, ಬೆಂಕಿಯಿಂದ ತೆಗೆದೊಡನೆ ನಂದಿ, ಬೆರಳಿಗೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗುತ್ತದೆ. ಪಕ್ಕದಲ್ಲಿ ನೀರಿರಲಿ, ಮಕ್ಕಳು ದೂರವಿರಲಿ.

ಕೊನೆಯದಾಗಿ ಕುರಿಯ ವಿಷಯ. ಒಂದನ್ನೇ ಕಟ್ಟಬೇಡ, ಮಂದೆಯ ಪ್ರಾಣಿ ಒಂಟಿಯಾದರೆ ಹೆದರಿ ದಿನವಿಡೀ ಅರಚುತ್ತದೆ. ಎರಡು ಹೆಣ್ಣುಕುರಿಗಳಿದ್ದರೆ ಸಾಕು, ಟಗರು ಬೇಡ. ಧ್ವನಿವರ್ಧಕದ ಹತ್ತಿರವಲ್ಲದೆ, ನೆರಳಿನಲ್ಲಿ, ನೀರಿನ ಬಾನಿಯ ಪಕ್ಕದಲ್ಲಿ ಕಟ್ಟು. ಮುಟ್ಟುವವರು ಬೆನ್ನು ಸವರಲಿ, ಮುಖಕ್ಕೆ ಕೈ ಹಾಕದಿರಲಿ. ಮಧ್ಯಾಹ್ನದ ನಂತರ ಅವುಗಳನ್ನು ವಾಪಸ್ ಕಳುಹಿಸಿಬಿಡು, ಯಾರು ಎಷ್ಟೇ ಒತ್ತಾಯಿಸಿದರೂ ಸರಿ.

ನಾನು ಎರಡನೆಯ ದಿನ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಮ್ಮಜ್ಜ ಉಣ್ಣೆ ಹಿಂಜುತ್ತಿದ್ದ ಹಳೆಯ ಬಿಲ್ಲನ್ನೂ, ಅಂಚು ಸವೆದ ಆ ಕರಿಕಂಬಳಿಯನ್ನೂ ತರುವೆ. ಮೇಜಿನ ಮೇಲೆ ಒಂದಿಷ್ಟು ಜಾಗ ಬಿಟ್ಟಿರು.

ಇಂತಿ ನಿನ್ನ ದೊಡ್ಡಪ್ಪ